ಅಪಘಾತ ಪರಿಹಾರದ ಮೊಕದ್ದಮೆ: ಊರಿನ ಹತ್ತಿರದ ವಕೀಲರನ್ನು ಹುಡುಕುವುದು ಹೇಗೆ, ಶುಲ್ಕ ಕೊಡುವುದು ಹೇಗೆ?

ಪ್ರಶ್ನೆ (ಅರಸೀಕೆರೆಯ ತಂಗಿ)

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಈಗ 38 ವರ್ಷ. ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದುಕೊಂಡು, ಸುತ್ತಲಿನ ಊರುಗಳಲ್ಲಿ ಮನೆ ವೈರಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ ಮಾಡಿ ಸಂಸಾರ ನಡೆಸುತ್ತಿದ್ದವನು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ತಿಪಟೂರಿನ ಹತ್ತಿರ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಸರಕು ಲಾರಿ ಅವನ ಬೈಕಿಗೆ ಗುದ್ದಿತು. ಬಲತೊಡೆಯ ಮೂಳೆ ಮುರಿದಿದ್ದರಿಂದ ಒಳಗೆ ರಾಡ್ ಹಾಕಿದ್ದಾರೆ, ಬಲಗೈ ಮಣಿಕಟ್ಟಿಗೂ ಪೆಟ್ಟಾಗಿದೆ. ಚಿಕಿತ್ಸೆ ಹಾಸನದಲ್ಲಿ ನಡೆಯಿತು. ಲಾರಿ ಚಾಲಕನ ಮೇಲೆ ಎಫ್‌ಐಆರ್ ಆಗಿದೆ, ಲಾರಿಗೆ ವಿಮೆ ಇದೆಯೆಂದು ಪೊಲೀಸರು ಹೇಳಿದ್ದಾರೆ. ಆಸ್ಪತ್ರೆಯ ಖರ್ಚು ಮೂರು ಲಕ್ಷ ರೂಪಾಯಿ ಆಗಿದ್ದು, ಅದರಲ್ಲಿ ಬಹುಪಾಲು ಕೈಸಾಲ.

ಅಣ್ಣ ಇನ್ನೂ ವಾರ್ಡಿನಲ್ಲಿದ್ದಾಗಲೇ ಒಬ್ಬ ಮನುಷ್ಯ ಬಂದು, ತಾನು ಬೆಂಗಳೂರಿನ ವಕೀಲರ ಕಡೆಯವನೆಂದು ಹೇಳಿಕೊಂಡು, ವಕಾಲತ್ತು (ನಮ್ಮ ಪರವಾಗಿ ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಮತ್ತು ಕೆಲವು ಖಾಲಿ ಕಾಗದಗಳಿಗೆ ಸಹಿ ಕೇಳಿದ. ಈಗ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಬಂದ ಪರಿಹಾರದಲ್ಲಿ ಶೇಕಡಾ 30 ಕೊಟ್ಟರೆ ಸಾಕು, ಭದ್ರತೆಗೆ ಎರಡು ಖಾಲಿ ಚೆಕ್ ಇರಲಿ ಎಂಬುದು ಅವನ ಮಾತು. ಅತ್ತಿಗೆ ಯೋಚಿಸಿ ಹೇಳುತ್ತೇವೆಂದು ಕಳುಹಿಸಿದರು. ಅವನು ಈಗಲೂ ಫೋನ್ ಮಾಡುತ್ತಲೇ ಇದ್ದಾನೆ. ಅರಸೀಕೆರೆಯಲ್ಲೇ ವಿಚಾರಿಸಿದ ಇನ್ನೊಬ್ಬ ವಕೀಲರು ನಿಗದಿತ ಶುಲ್ಕ ಹೇಳಿ, ಅದರಲ್ಲಿ ಸ್ವಲ್ಪ ಭಾಗವನ್ನು ಮೊದಲೇ ಕೊಡಬೇಕೆಂದರು. ಆ ಹಣವನ್ನು ಹೊಂದಿಸುವುದೂ ಈಗ ಕಷ್ಟ.

ಶೇಕಡಾವಾರು ಶುಲ್ಕ ಕಾನೂನಿಗೆ ಒಪ್ಪಿತವೇ? ಮೊಕದ್ದಮೆಯನ್ನು ತಿಪಟೂರಿನಲ್ಲಿ ಹಾಕಬೇಕೋ, ಅರಸೀಕೆರೆಯಲ್ಲೋ, ಬೆಂಗಳೂರಿನಲ್ಲೋ? ಈ ಕೆಲಸದಲ್ಲಿ ಪಳಗಿದ ವಕೀಲರನ್ನು ನಮ್ಮಂಥವರು ಗುರುತಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1 (ಹಾಸನದ ವಕೀಲೆ)

ನಿಮ್ಮ ಅತ್ತಿಗೆ ಸಹಿ ಹಾಕಿಸದೆ ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ನಾನು ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳನ್ನು, ಅಂದರೆ ನಮ್ಮ ಕಡೆ ಎಲ್ಲರೂ ಎಂವಿಸಿ ಕೇಸ್ ಎನ್ನುವಂಥವನ್ನು, ನಡೆಸುವವಳು. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಶೇಕಡಾವಾರಿನ ಮಾತು. ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳ ಪೈಕಿ 20ನೆಯದು, ಮೊಕದ್ದಮೆಯ ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ವಕೀಲರು ನಿಗದಿಪಡಿಸಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು ಎಂದು ನೇರವಾಗಿ ಹೇಳುತ್ತದೆ. 36ನೆಯ ನಿಯಮವು ಮಧ್ಯವರ್ತಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವುದನ್ನು ನಿಷೇಧಿಸುತ್ತದೆ. ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಆಳು ಕಳುಹಿಸುವ ಪದ್ಧತಿಯಲ್ಲಿ ಈ ಎರಡೂ ನಿಯಮಗಳು ಒಟ್ಟಿಗೆ ಮುರಿಯುತ್ತವೆ. ಬಿ. ಸುನೀತಾ ವಿರುದ್ಧ ತೆಲಂಗಾಣ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ನಿಮ್ಮ ಸಂದರ್ಭಕ್ಕೆ ತೀರಾ ಹತ್ತಿರವಾದದ್ದು: ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯಿಂದ ವಕೀಲರು ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಹಣ ಪಡೆದು, ಮತ್ತೆ ಚೆಕ್ ಬರೆಸಿಕೊಂಡು, ಅದು ಬೌನ್ಸ್ ಆದಾಗ ಆಕೆಯ ಮೇಲೆಯೇ ಚೆಕ್ ಅಮಾನ್ಯದ ಕ್ರಿಮಿನಲ್ ದೂರು ಹಾಕಿದ್ದರು. ಇಂಥ ಬೇಡಿಕೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದೂ ವೃತ್ತಿ ದುರ್ನಡತೆಯೆಂದೂ ಹೇಳಿ ಸುಪ್ರೀಂ ಕೋರ್ಟ್ ಆ ದೂರನ್ನು ರದ್ದುಪಡಿಸಿತು. ಖಾಲಿ ಚೆಕ್ಕನ್ನು ಯಾವ ಕಾರಣಕ್ಕೂ ಕೊಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಲೆಕ್ಕವನ್ನು ನೋಡಿ. ಒಂಬತ್ತು ಲಕ್ಷ ರೂಪಾಯಿ ಪರಿಹಾರ ಬಂದಿತೆಂದೇ ಇಟ್ಟುಕೊಳ್ಳೋಣ. ಅದರಲ್ಲಿ ಮೂರು ಲಕ್ಷ ನೀವು ಈಗಾಗಲೇ ಆಸ್ಪತ್ರೆಗೆ ಕಟ್ಟಿದ ಹಣ, ಬಹುಪಾಲು ಸಾಲ ಕೊಟ್ಟವರಿಗೆ ಹಿಂತಿರುಗಬೇಕಾದದ್ದು. ಶೇಕಡಾ 30 ಎಂದರೆ ಒಟ್ಟು ಮೊತ್ತದ ಮೇಲೆ 2,70,000 ರೂಪಾಯಿ ಹೋಗುತ್ತದೆ. ಆಸ್ಪತ್ರೆಯ ಖರ್ಚನ್ನೂ ಕಳೆದ ಮೇಲೆ ಅಣ್ಣನ ಕೈಯಲ್ಲಿ 3,30,000 ಉಳಿಯುತ್ತದೆ. ಅಂದರೆ ಬಿಲ್ಲಿನ ಹಣದಲ್ಲೂ ಪಾಲು ಹೋಯಿತು, ಜೀವನಪೂರ್ತಿ ಕುಂಟುವುದಕ್ಕೆ ಕೊಟ್ಟ ಹಣದಲ್ಲೂ ಪಾಲು ಹೋಯಿತು. ಸಾಲದ್ದಕ್ಕೆ, ಇಂಥ ಮೊಕದ್ದಮೆಗಳನ್ನು ವಿಚಾರಿಸುವ ನ್ಯಾಯಮಂಡಳಿಯು ಪರಿಹಾರದ ಒಂದು ಭಾಗವನ್ನು ಗಾಯಾಳುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುವುದುಂಟು. ಆಗ ವಕೀಲರ ಶೇಕಡಾ 30 ಪೂರ್ತಿಯಾಗಿ ಕೈಗೆ ಬಂದ ನಗದಿನಿಂದಲೇ ಹೋಗುತ್ತದೆ.

ಶುಲ್ಕಕ್ಕಿಂತ ದೊಡ್ಡ ವಿಷಯವೊಂದಿದೆ: ನಿಮ್ಮ ಅಣ್ಣನ ಅಂಗವೈಕಲ್ಯವನ್ನು ವಕೀಲರು ಹೇಗೆ ರುಜುವಾತು ಮಾಡುತ್ತಾರೆ ಎಂಬುದು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿರುವ ಪ್ರಕಾರ, ವೈದ್ಯರು ಕಾಲಿಗೆ ಇಷ್ಟು ಶೇಕಡಾ ಊನವೆಂದು ಬರೆದುಕೊಟ್ಟರೆ ಅಷ್ಟಕ್ಕೆ ಮುಗಿಯುವುದಿಲ್ಲ. ಆ ಊನದಿಂದ ಆ ಮನುಷ್ಯನ ದುಡಿಮೆ ಎಷ್ಟು ಕುಗ್ಗಿತೆಂಬುದನ್ನು ನ್ಯಾಯಮಂಡಳಿ ನೋಡಬೇಕು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವನಿಗೆ ತೊಡೆಯ ಮೂಳೆಯ ಗಾಯದಿಂದ ಆಗುವ ನಷ್ಟ ಬೇರೆ, ಏಣಿ ಹತ್ತಿ ವೈರಿಂಗ್ ಮಾಡುವವನಿಗೆ, ಬಾವಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಪಂಪ್ ಬಿಚ್ಚುವವನಿಗೆ ಆಗುವ ನಷ್ಟ ಬೇರೆ. 36ರಿಂದ 40 ವರ್ಷದವರಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ (2009) ಪ್ರಕಾರ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ, 15. ತಿಂಗಳ ಆದಾಯ 15,000 ಎಂದು ಹಿಡಿದರೆ ವರ್ಷಕ್ಕೆ 1,80,000, ಅದನ್ನು 15ರಿಂದ ಗುಣಿಸಿದರೆ 27 ಲಕ್ಷ. ದುಡಿಮೆಯ ನಷ್ಟ ಶೇಕಡಾ 10 ಎಂದಾದರೆ 2,70,000, ಶೇಕಡಾ 30 ಎಂದಾದರೆ 8,10,000. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಮುಂದಿನ ಆದಾಯ ವೃದ್ಧಿಯೆಂದು ಅದೇ ಕೋರ್ಟಿನ ಪ್ರಣಯ್ ಸೇಠಿ ತೀರ್ಪು (2017) ಶೇಕಡಾ 40 ಸೇರಿಸುತ್ತದೆ. ಅದು ಸಾವಿನ ಪ್ರಕರಣ. ಗಾಯದ ಪ್ರಕರಣಗಳಿಗೂ ಅದು ಸಲ್ಲುತ್ತದೆಂದು ಆಮೇಲಿನ ತೀರ್ಪುಗಳಿವೆ, ಆದರೆ ನಿಮ್ಮ ವಕೀಲರು ಅದನ್ನು ಕೇಳಬೇಕು. ಅಣ್ಣನ ಕೆಲಸ ಏನು, ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಲಾರ ಎಂಬುದನ್ನು ಕೂರಿಸಿಕೊಂಡು ಕೇಳದೆ ಅರ್ಜಿ ಬರೆಯುವ ವಕೀಲರು ಎಷ್ಟೇ ಕಡಿಮೆ ಶುಲ್ಕಕ್ಕೆ ಸಿಕ್ಕರೂ ದುಬಾರಿಯೇ.

ಎಲ್ಲಿ ಹಾಕಬೇಕೆಂಬ ಪ್ರಶ್ನೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 166(2)ರಂತೆ ಅಪಘಾತವಾದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರ ವಾಸಿಸುವ ಸ್ಥಳ, ಈ ಮೂರರಲ್ಲಿ ಯಾವುದನ್ನಾದರೂ ನೀವು ಆರಿಸಿಕೊಳ್ಳಬಹುದು. ವಿಮಾ ಕಂಪನಿಯ ಕಚೇರಿ ಇರುವ ಊರಿನಲ್ಲೂ ಅರ್ಜಿ ನಿಲ್ಲುತ್ತದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದ್ದರಿಂದ ಬೆಂಗಳೂರಿನಲ್ಲಿ ಹಾಕುವುದು ತಪ್ಪೇನಲ್ಲ, ಆದರೆ ನಿಮಗೆ ಅದರಿಂದ ಏನು ಲಾಭ? ಗಾಯಾಳು ಅರಸೀಕೆರೆಯವನು, ಚಿಕಿತ್ಸೆ ಮಾಡಿದ ವೈದ್ಯರು ಹಾಸನದವರು, ಪೊಲೀಸ್ ದಾಖಲೆ ತಿಪಟೂರಿನ ಕಡೆಯದು. ಸಾಕ್ಷ್ಯದ ದಿನ ಊರುಗೋಲು ಹಿಡಿದ ಮನುಷ್ಯ ಬೆಂಗಳೂರಿಗೆ ಓಡಾಡಬೇಕು, ವೈದ್ಯರನ್ನೂ ಕರೆಸಬೇಕು. ಚಿಕಿತ್ಸೆ ಮಾಡಿದ ವೈದ್ಯರು ಬರಲಿಲ್ಲವೆಂದು ಬೇರೊಬ್ಬ ವೈದ್ಯರಿಂದ ಊನದ ಪ್ರಮಾಣಪತ್ರ ಹಾಜರುಪಡಿಸಿದರೆ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದೇ ಅದನ್ನು. ಅರಸೀಕೆರೆಯಲ್ಲೇ ಹಾಕಿ ಎಂಬುದು ನನ್ನ ಅಭಿಪ್ರಾಯ.

ಕಾಲಮಿತಿಯನ್ನು ಮರೆಯಬೇಡಿ. ಇದೇ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ವಿಧಿಸಿದ್ದು, ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಮಿತಿ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆಯಾದರೂ ಅದನ್ನು ನಂಬಿ ಕುಳಿತುಕೊಳ್ಳುವುದು ಬೇಡ.

ಉತ್ತರ 2 (ಕಡೂರಿನ ಕೃಷಿಕ)

ವಕೀಲರ ಮಾತನ್ನು ಗೌರವದಿಂದ ಓದಿದೆ. ಆದರೂ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಈ ಹೆಣ್ಣುಮಗಳಿಗೆ ಪೂರ್ಣ ಚಿತ್ರ ಸಿಗುವುದಿಲ್ಲ. ನಮ್ಮ ಪಕ್ಕದ ತೋಟದವರ ಮಗನಿಗೆ ಅಪಘಾತವಾದಾಗ ಅವರ ಮನೆಯಲ್ಲಿ ಬಸ್ ಚಾರ್ಜಿಗೂ ಹಣವಿರಲಿಲ್ಲ. ಪಾಲಿನ ಲೆಕ್ಕಕ್ಕೆ ಒಪ್ಪಿದ ವಕೀಲರೊಬ್ಬರು ಪೊಲೀಸ್ ದಾಖಲೆಗಳ ನಕಲು ತೆಗೆಸುವುದರಿಂದ ಹಿಡಿದು ವೈದ್ಯರ ಸಾಕ್ಷ್ಯದ ಖರ್ಚಿನವರೆಗೆ ಎಲ್ಲವನ್ನೂ ತಮ್ಮ ಕೈಯಿಂದಲೇ ಹಾಕಿ ವರ್ಷಗಟ್ಟಲೆ ನಡೆಸಿ ಗೆಲ್ಲಿಸಿಕೊಟ್ಟರು. ಮುಂಗಡವಿಲ್ಲದೆ ವಕಾಲತ್ತು ತೆಗೆದುಕೊಳ್ಳುವುದಿಲ್ಲವೆಂದು ಎಲ್ಲ ವಕೀಲರೂ ಹೇಳಿದ್ದರೆ ಆ ಹುಡುಗನಿಗೆ ಏನೂ ದಕ್ಕುತ್ತಿರಲಿಲ್ಲ. ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ಗೆದ್ದರೆ ಮಾತ್ರ ಶುಲ್ಕ ಎಂಬ ಒಪ್ಪಂದಕ್ಕೆ ಕಾನೂನೇ ಜಾಗ ಕೊಟ್ಟಿದೆ. ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದವನಿಗೆ ಅದೇ ನಿಯಮ ಬಾಗಿಲು ಮುಚ್ಚದಂತೆ ಏನು ಮಾಡಬೇಕೆಂಬುದನ್ನೂ ತಿಳಿಸಬೇಕಲ್ಲವೇ?

ಉತ್ತರ 3 (ನಿವೃತ್ತ ಶಿರಸ್ತೇದಾರ)

ನಾನು ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಕೀಲರನ್ನು ಹುಡುಕುವ ಬಗೆಯನ್ನು ಕುರಿತು ಮಾತ್ರ ಬರೆಯುತ್ತೇನೆ.

ಅರಸೀಕೆರೆಯ ನ್ಯಾಯಾಲಯಕ್ಕೆ ಹೋಗಿ, ಎಂವಿಸಿ ಪ್ರಕರಣಗಳು ಯಾವ ದಿನ ಸಾಕ್ಷ್ಯಕ್ಕೆ ಬರುತ್ತವೆಂದು ವಿಚಾರಿಸಿ, ಆ ದಿನ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ. ತೆರೆದ ನ್ಯಾಯಾಲಯದಲ್ಲಿ ಕುಳಿತು ಕೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಯಾರು ತಾವೇ ಬಂದು ಸಾಕ್ಷ್ಯ ನಡೆಸುತ್ತಾರೆ, ಯಾರು ಪ್ರತಿ ಸಲವೂ ಕಿರಿಯರನ್ನು ಕಳುಹಿಸಿ ಮುಂದಿನ ದಿನಾಂಕ ಕೇಳಿಸುತ್ತಾರೆ, ಯಾರ ಕಕ್ಷಿದಾರರು ತಯಾರಾಗಿ ಕಟಕಟೆಗೆ ಹತ್ತುತ್ತಾರೆ ಎಂಬುದು ಒಂದು ಬೆಳಗಿನಲ್ಲೇ ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಕುಳಿತ ಇತರ ಗಾಯಾಳುಗಳ ಮನೆಯವರನ್ನು ಮಾತನಾಡಿಸಿ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣ ಮತ್ತು ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರು ಆ ನ್ಯಾಯಾಲಯದಲ್ಲಿ ನಡೆಸಿದ ಪ್ರಕರಣಗಳ ಪಟ್ಟಿ ಬರುತ್ತದೆ, ಇತ್ಯರ್ಥವಾದವುಗಳ ತೀರ್ಪುಗಳನ್ನೂ ಹಲವು ಬಾರಿ ಅಲ್ಲೇ ಓದಬಹುದು. ಗಾಯದ ಪ್ರಕರಣದ ಎರಡು ಮೂರು ತೀರ್ಪುಗಳನ್ನು ಓದಿ, ವೈದ್ಯರು ಹೇಳಿದ ಊನದ ಶೇಕಡಾ ಎಷ್ಟು, ನ್ಯಾಯಮಂಡಳಿ ಒಪ್ಪಿದ್ದು ಎಷ್ಟು, ಒಪ್ಪದಿದ್ದರೆ ಕಾರಣವೇನು ಎಂಬುದನ್ನು ನೋಡಿ. ಚಿಕಿತ್ಸೆ ಮಾಡಿದ ವೈದ್ಯರನ್ನು ಹಾಜರುಪಡಿಸಿಲ್ಲ, ಆದಾಯಕ್ಕೆ ದಾಖಲೆ ಇಲ್ಲ ಎಂಬ ಸಾಲುಗಳು ಒಬ್ಬರದೇ ತೀರ್ಪುಗಳಲ್ಲಿ ಮತ್ತೆ ಮತ್ತೆ ಕಂಡರೆ ಅಲ್ಲಿಗೆ ಹೋಗುವ ಮುನ್ನ ಯೋಚಿಸಿ. ತೀರ್ಪಿನ ಕೊನೆಯಲ್ಲಿ ‘ವಕೀಲರ ಶುಲ್ಕ’ವೆಂದು ಸಾವಿರ ರೂಪಾಯಿಯಂಥ ಸಣ್ಣ ಮೊತ್ತ ಬರೆದಿರುವುದನ್ನು ಕಂಡು ಗೊಂದಲಪಡಬೇಡಿ. ಅದು ಎದುರುದಾರರಿಂದ ಬರಬೇಕಾದ ಖರ್ಚಿನ ಲೆಕ್ಕವೇ ಹೊರತು ನಿಮ್ಮ ವಕೀಲರಿಗೆ ನೀವು ಒಪ್ಪಿದ ಶುಲ್ಕವಲ್ಲ.

ಎದುರಿಗೆ ಕುಳಿತಾಗ ಅವರ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ಕರ್ನಾಟಕದವರದು ‘ಕೆಎಆರ್’ ಎಂದು ಆರಂಭವಾಗಿ ಸಂಖ್ಯೆ ಮತ್ತು ವರ್ಷದೊಂದಿಗೆ ಇರುತ್ತದೆ, ವಕಾಲತ್ತಿನಲ್ಲೂ ಅದನ್ನು ಬರೆಯುತ್ತಾರೆ. ಮಧ್ಯವರ್ತಿಗೆ ಈ ಸಂಖ್ಯೆ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ, ಇದು ನಿಮ್ಮ ಅಣ್ಣನ ವಿಷಯದಲ್ಲಿ ಬರಲಾರದು, ಆದರೆ ಓದುವ ಬೇರೆಯವರಿಗಾಗಿ. ಗುದ್ದಿದ ವಾಹನಕ್ಕೆ ವಿಮೆ ಇಲ್ಲದಿದ್ದಾಗ ವಿಮೆ ಇರುವ ಬೇರೆ ವಾಹನವನ್ನು ದಾಖಲೆಗೆ ಸೇರಿಸಿಕೊಡುತ್ತೇನೆಂದು ಕೆಲವರು ಮುಂದೆ ಬರುತ್ತಾರೆ. ಅದು ಅಪರಾಧ, ಸಹಿ ಹಾಕಿದ ಗಾಯಾಳುವೂ ಆರೋಪಿಯಾಗುತ್ತಾನೆ. ಗುದ್ದಿ ಪರಾರಿಯಾದ ವಾಹನ ಪತ್ತೆಯೇ ಆಗದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಸರ್ಕಾರದ ಯೋಜನೆಯಿದೆ. ಮೊತ್ತ ಸಣ್ಣದಾದರೂ ಅದು ನೇರವಾದ ದಾರಿ.

ಉತ್ತರ 4 (ಹಾಸನದ ವಕೀಲೆ)

ಕಡೂರಿನವರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಹಣವಿಲ್ಲದ ಕಕ್ಷಿದಾರರಿಗೆ ಕಾಯಲು ಸಿದ್ಧರಾದ ವಕೀಲರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಯುವುದಕ್ಕೂ ಪಾಲು ಕೇಳುವುದಕ್ಕೂ ವ್ಯತ್ಯಾಸವಿದೆ. ಶುಲ್ಕದ ಮೊತ್ತವನ್ನು ಮೊದಲೇ ರೂಪಾಯಿಯಲ್ಲಿ ನಿಗದಿಮಾಡಿ, ಅದನ್ನು ಕಂತುಗಳಲ್ಲಿ ಕೊಡುವುದಕ್ಕೆ ನಿಯಮದ ಅಡ್ಡಿಯಿಲ್ಲ: ಅರ್ಜಿ ಹಾಕಿದಾಗ ಸ್ವಲ್ಪ, ಸಾಕ್ಷ್ಯ ಆರಂಭವಾದಾಗ ಸ್ವಲ್ಪ, ವಾದ ಮುಗಿದಾಗ ಉಳಿದದ್ದು. ಮೊತ್ತವು ಪರಿಹಾರದ ಜೊತೆ ಏರಿಳಿಯಬಾರದು, ಸೋತರೂ ಗೆದ್ದರೂ ಅದೇ ಇರಬೇಕು. ಅರಸೀಕೆರೆಯ ವಕೀಲರು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಮೊದಲ ಕಂತನ್ನು ಇನ್ನಷ್ಟು ಚಿಕ್ಕದು ಮಾಡಿಕೊಡಿ ಎಂದು ಕೇಳಿ ನೋಡಿ, ಹಳ್ಳಿಯ ಕಡೆ ಕೆಲಸ ಮಾಡುವ ವಕೀಲರಿಗೆ ಈ ಕೋರಿಕೆ ಹೊಸದಲ್ಲ.

ಅದೂ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ರಾಜ್ಯವು ಗೊತ್ತುಪಡಿಸಿದ ಆದಾಯ ಮಿತಿಯೊಳಗಿನವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ನೇಮಿಸುತ್ತಾರೆ. ಮಹಿಳೆಯರಿಗೆ ಆದಾಯದ ಲೆಕ್ಕವೇ ಇಲ್ಲ. ಅಣ್ಣನ ಅರ್ಜಿಯನ್ನು ಅವನ ಆದಾಯದ ಆಧಾರದಲ್ಲಿ ಅಥವಾ ಊನದ ಆಧಾರದಲ್ಲಿ ಪರಿಗಣಿಸುತ್ತಾರೆ. 15100 ಸಂಖ್ಯೆಗೆ ಕರೆಮಾಡಿದರೆ ಮಾಹಿತಿ ಕೊಡುತ್ತಾರೆ. ಉಚಿತ ವಕೀಲರೆಂದರೆ ಕಾಳಜಿ ಕಡಿಮೆ ಎಂಬ ಮಾತನ್ನು ಕೇಳಿರುತ್ತೀರಿ. ಸಮಿತಿಯ ವಕೀಲರ ಪಟ್ಟಿಯಲ್ಲಿ ಶ್ರದ್ಧೆಯಿಂದ ದುಡಿಯುವ ಹಲವರನ್ನು ನಾನು ಹತ್ತಿರದಿಂದ ಬಲ್ಲೆ.

ಪ್ರಶ್ನೆ ಕೇಳಿದವರು (ಅರಸೀಕೆರೆಯ ತಂಗಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಅಣ್ಣನಿಗೆ ಎಲ್ಲವನ್ನೂ ಓದಿ ಹೇಳಿದೆ. ಅರಸೀಕೆರೆಯಲ್ಲೇ ಹಾಕುವುದೆಂದು ನಿಶ್ಚಯಿಸಿದ್ದೇವೆ, ಕಂತಿನ ಬಗ್ಗೆ ಆ ವಕೀಲರ ಬಳಿ ಮತ್ತೊಮ್ಮೆ ಮಾತನಾಡುತ್ತೇವೆ. ಇನ್ನೆರಡು ಸಂದೇಹಗಳಿವೆ. ಶುಲ್ಕದ ಒಪ್ಪಂದವನ್ನು ಬರೆದುಕೊಳ್ಳುವಾಗ ಏನೇನು ಇರಬೇಕು? ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಅಲ್ಲಿಗೇ ಹಾಕಿಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ 5 (ಹಾಸನದ ವಕೀಲೆ)

ಒಪ್ಪಂದ ಒಂದು ಪುಟದ್ದಾದರೆ ಸಾಕು, ಆದರೆ ಶುಲ್ಕ ಬೇರೆ, ಖರ್ಚು ಬೇರೆ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಪ್ರಮಾಣೀಕೃತ ನಕಲುಗಳು, ನೋಟಿಸಿನ ಖರ್ಚು, ಸಾಕ್ಷ್ಯ ಹೇಳಲು ಬರುವ ವೈದ್ಯರಿಗೆ ಕೊಡಬೇಕಾದದ್ದು, ಇವೆಲ್ಲ ಖರ್ಚಿನ ಕಡೆಗೆ ಸೇರುತ್ತವೆ. ಇವನ್ನು ಯಾರು, ಯಾವಾಗ ಕೊಡಬೇಕೆಂದು ಬರೆಯದಿದ್ದರೆ ಮುಂದೆ ಮನಸ್ತಾಪ ಬರುವುದು ಇಲ್ಲಿಯೇ. ಒಪ್ಪಿದ ಶುಲ್ಕ ನ್ಯಾಯಮಂಡಳಿಯ ತೀರ್ಪಿನವರೆಗೆ ಮಾತ್ರವೇ, ಹಣ ವಸೂಲಿಯ ಅರ್ಜಿಗೂ ಸೇರಿದೆಯೇ ಎಂಬುದನ್ನು ಕೇಳಿ. ತೀರ್ಪಿನ ವಿರುದ್ಧ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, ಅದಕ್ಕೆ ವಕೀಲರೂ ಬೇರೆ, ಶುಲ್ಕವೂ ಬೇರೆ. ಕೊಟ್ಟ ಪ್ರತಿ ಹಣಕ್ಕೂ ರಸೀದಿ ಪಡೆಯಿರಿ, ಸಾಧ್ಯವಾದರೆ ಬ್ಯಾಂಕಿನ ಮೂಲಕವೇ ಕೊಡಿ.

ಆಸ್ಪತ್ರೆಯ ಮೂಲ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇಗಳನ್ನು ವಕೀಲರಿಗೆ ಕೊಡುವ ಮೊದಲು ಎಲ್ಲದರ ನಕಲು ಇಟ್ಟುಕೊಂಡು, ಕೊಟ್ಟ ಪಟ್ಟಿಗೆ ಅವರ ಕಚೇರಿಯ ಸಹಿ ತೆಗೆದುಕೊಳ್ಳಿ. ಮುಂದೆ ವಕೀಲರನ್ನು ಬದಲಾಯಿಸಬೇಕಾದ ಸಂದರ್ಭ ಬಂದರೆ, ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಅವರ ನ್ಯಾಯವಾದ ಬಾಕಿಯನ್ನು ಉಳಿಸಿಕೊಳ್ಳುವುದು ಸಲ್ಲದು. ಮೊದಲಿನ ವಕೀಲರಿಂದ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕುವುದು ರೂಢಿ. ದುರ್ನಡತೆಯ ದೂರಿದ್ದರೆ ವಕೀಲರ ಕಾಯ್ದೆ, 1961ರ ಕಲಂ 35ರಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಬರೆಯಬಹುದು. ನಿಮ್ಮ ಅಣ್ಣನ ಸ್ವಂತ ಬ್ಯಾಂಕ್ ಖಾತೆಯ ವಿವರವನ್ನೇ ನ್ಯಾಯಮಂಡಳಿಗೆ ಕೊಡಿ. ಜಂಟಿ ಖಾತೆ ತೆರೆಯೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಲೋಕ ಅದಾಲತ್ ಒಳ್ಳೆಯ ವ್ಯವಸ್ಥೆ, ಆದರೆ ಹೊತ್ತು ನೋಡಿ ಹೋಗಬೇಕು. ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದೇ ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ನಿಮ್ಮ ಅಣ್ಣನ ಮೂಳೆ ಇನ್ನೂ ಕೂಡಿಕೊಳ್ಳುತ್ತಿದೆ, ಕಾಲು ಎಷ್ಟು ಮಡಚುತ್ತದೆ, ಮಣಿಕಟ್ಟಿನ ಹಿಡಿತ ಎಷ್ಟು ಬಂದೀತು ಎಂಬುದು ವೈದ್ಯರಿಗೇ ಈಗ ಖಚಿತವಾಗಿ ಹೇಳಲಾಗದು. ರಾಡ್ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದರ ಖರ್ಚನ್ನು ಮುಂದಿನ ವೈದ್ಯಕೀಯ ವೆಚ್ಚವೆಂದು ಈಗಲೇ ಕೇಳಬೇಕು. ಆದ್ದರಿಂದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡಿ. ಊನದ ಪ್ರಮಾಣ ನಿರ್ಧಾರವಾಗಿ, ಚಿಕಿತ್ಸೆ ಮಾಡಿದ ವೈದ್ಯರಿಂದ ಮುಂದಿನ ಶಸ್ತ್ರಚಿಕಿತ್ಸೆಯ ಅಂದಾಜು ಪತ್ರ ಕೈಗೆ ಬಂದ ಮೇಲೆ, ವಿಮಾ ಕಂಪನಿ ಹೇಳುವ ಮೊತ್ತವನ್ನು ನಿಮ್ಮ ವಕೀಲರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ಅದಾಲತ್‌ಗೆ ಹೋಗಬೇಕೋ ಬೇಡವೋ ತೀರ್ಮಾನಿಸಿ.